ಅಟ್ಟಿಲಕ್ಕಮ್ಮನ ಒಕ್ಕಲು

ಫೆಬ್ರುವರಿ 3, ಸೋಮವಾರ

ದಿನಚರಿ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆದರೂ ಇವತ್ತು ಕೂತು ಬರೆಯುತ್ತಿದ್ದೇನೆ. ಅಮ್ಮನ ಹತ್ತಿರ ಹೇಳಿಕೊಂಡರೆ ಅಳುತ್ತಾಳೆ. ಅಪ್ಪನ ಹತ್ತಿರ ಹೇಳಿದರೆ ಪೇಪರ್ ಮಡಚಿಟ್ಟು ಎದ್ದು ಹೋಗುತ್ತಾರೆ. ಈ ಪುಸ್ತಕ ಎರಡೂ ಮಾಡುವುದಿಲ್ಲ.

ನಿಶ್ಚಿತಾರ್ಥ ಮುರಿದು ಎರಡು ತಿಂಗಳಾಗುತ್ತ ಬಂತು. ಅಭಿನವ್ ಫೋನು ಮಾಡಲಿಲ್ಲ, ಅವನ ಚಿಕ್ಕಮ್ಮ ಮಾಡಿದರು. 'ಜಾತಕ ಇನ್ನೊಂದು ಕಡೆ ತೋರಿಸಿದೆವು, ಕೂಡಿಬರಲಿಲ್ಲ' ಎಂದರು. ಅಷ್ಟೇ. ಈ ತಿಂಗಳ ಇಪ್ಪತ್ತಮೂರಕ್ಕೆ ಮಂಡ್ಯದಲ್ಲಿ ಛತ್ರ ಗೊತ್ತಾಗಿತ್ತು, ಅಡುಗೆಯವರಿಗೂ ಹೇಳಿಯಾಗಿತ್ತು. ಆ ದಿನ ಹಾಸಿಗೆ ಬಿಟ್ಟು ಏಳುವುದೇ ಇಲ್ಲ ಎಂದು ಈಗಲೇ ತೀರ್ಮಾನ ಮಾಡಿದ್ದೇನೆ.

ಇಂಥವಳು ಮಾಡುವ ಕೆಲಸವಾದರೂ ಎಂಥದ್ದು! ಮದ್ದೂರು ಬಸ್‌ಸ್ಟ್ಯಾಂಡಿನ ಹಿಂದೆ, ಬೇಕರಿಯ ಮೇಲಿನ ಮಹಡಿಯಲ್ಲಿ ಪುಟ್ಟಮಾದಯ್ಯನವರ ವಧೂವರರ ಕೇಂದ್ರವಿದೆ. ಅದರ ವೆಬ್‌ಸೈಟ್ ನೋಡಿಕೊಳ್ಳುವವಳು ನಾನು. ಸುತ್ತಲಿನ ಗೌಡರ ಮನೆಗಳ ಗಂಡು ಹೆಣ್ಣುಗಳ ಫೋಟೊ, ಓದು, ಎತ್ತರ, ಜಮೀನು ಎಲ್ಲವನ್ನೂ ಡೇಟಾಬೇಸಿಗೆ ಸೇರಿಸಿ, ಬಂದವರಿಗೆ ಪ್ರಿಂಟು ತೆಗೆದು ಕೊಡುತ್ತೇನೆ. ನನ್ನ ಮದುವೆ ನಿಂತ ವಾರವೂ ರಜ ಹಾಕದೆ ಊರವರ ಮದುವೆಗೆ ದುಡಿದಿದ್ದೇನೆ.

ಇವತ್ತು ಮಾತ್ರ ಸ್ವಲ್ಪ ಖುಷಿಯಾಯಿತು. ಇಲ್ಲಿಯವರೆಗೆ ಯಾರಾದರೂ ಫೋನ್ ನಂಬರ್ ಒಂದನ್ನು ಬದಲಾಯಿಸಬೇಕೆಂದರೂ ತಿದ್ದುವ ಪುಟ ಖಾಲಿಯಾಗಿ ತೆರೆದುಕೊಳ್ಳುತ್ತಿತ್ತು. ಹೆಸರಿನಿಂದ ಹಿಡಿದು ಎಲ್ಲವನ್ನೂ ಮತ್ತೆ ತುಂಬಬೇಕು. ಬಿಟ್ಟರೆ ಹಳೆಯದೂ ಅಳಿಸಿಹೋಗುತ್ತಿತ್ತು. 'ಒಂದ್ ಬೋಲ್ಟ್ ಬದ್ಲಾಯ್ಸಕೆ ಇಡೀ ಟ್ರ್ಯಾಕ್ಟರ್ನೇ ಬಿಚ್ಚಿಸ್ತೀಯಲ್ಲಮ್ಮ' ಎಂದು ಪುಟ್ಟಮಾದಯ್ಯನವರು ಗೊಣಗುತ್ತಲೇ ಇದ್ದರು. ಈಗ ಆ ಪುಟವನ್ನು ಪಿಎಚ್‌ಪಿ ಭಾಷೆಯ ಕೋಡಿನಲ್ಲಿ ಹೊಸದಾಗಿ ಬರೆದಿದ್ದೇನೆ. ತೆರೆದ ಕೂಡಲೇ ಡೇಟಾಬೇಸಿನಿಂದ ಹಳೆಯ ವಿವರ ಬಂದು ಆಯಾ ಚೌಕದಲ್ಲಿ ತಾನಾಗಿ ಕೂರುತ್ತದೆ. ಬೇಕಾದ್ದೊಂದನ್ನು ತಿದ್ದಿ ಸೇವ್ ಒತ್ತಿದರೆ ಮುಗಿಯಿತು. ಗೋತ್ರದ ಪಟ್ಟಿಯನ್ನಂತೂ ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಗೋತ್ರ ತಪ್ಪಿದರೆ ಎಂಥ ಅನಾಹುತ ಎಂಬುದನ್ನು ಅಯ್ಯಂಗಾರರ ಮನೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಫೆಬ್ರುವರಿ 5, ಬುಧವಾರ

ಛತ್ರದವರು ಫೋನು ಮಾಡಿದ್ದರು. ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರು. ನನಗೆ ಎಲ್ಲ ಕೇಳಿಸಿತು. ಅಭಿನವ್‌ನ ಫೋಟೊ ಇನ್ನೂ ಫೋನಿನಲ್ಲೇ ಇದೆ. ಅಳಿಸುವುದಕ್ಕೆ ಹೋಗಿ ಸುಮ್ಮನೆ ನೋಡುತ್ತ ಕೂತೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಫೆಬ್ರುವರಿ 10, ಸೋಮವಾರ

ಇವತ್ತು ವೈದ್ಯನಾಥಪುರದ ಚಲುವಮ್ಮನವರು ಮಹಡಿ ಹತ್ತಿ ಬಂದರು. ಬಂದ ರಭಸಕ್ಕೆ ಕ್ಯಾಲೆಂಡರ್ ಅಲ್ಲಾಡಿತು.

'ಏನ್ ಪುಟ್ಟಮಾದಣ್ಣ, ಗಂಡಿನ್ ಕಡೆಯೋರು ಎಣ್ಣು ನೋಡ್ಕಂಡು, ಉಂಡ್ಕಂಡು, ಎಲೆಅಡ್ಕೆ ಆಕ್ಕಂಡು ಓದ್ರು. ಬೇಕು ಅಂತ್ಲಾರಾ ಯೋಳ್ಬೇಕು, ಬ್ಯಾಡ ಅಂತ್ಲಾರಾ ಯೋಳ್ಬೇಕು. ಬಾಯಿಗೇನ್ ಬೀಗ ಆಕ್ಕಂಡವ್ರಾ?'

ಅವರ ಮಗಳು ವೀಣ, ಮಂಡ್ಯದಲ್ಲಿ ಲ್ಯಾಬ್ ಟೆಕ್ನಿಷಿಯನ್. ಹುಡುಗ ಯತೀಶ್, ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ, ಮನೆ ಮಳವಳ್ಳಿಯಾಚೆಯ ಹಳ್ಳಿಯಲ್ಲಿ. ಹೋದ ತಿಂಗಳು ಹೆಣ್ಣು ನೋಡುವ ಶಾಸ್ತ್ರ ಆಗಿ ಇಬ್ಬರೂ ಒಪ್ಪಿದ್ದರು. ಇನ್ನು ದಿನ ಗೊತ್ತು ಮಾಡುವುದೊಂದೇ ಬಾಕಿ ಎಂದು ನಾವೆಲ್ಲ ತಿಳಿದಿದ್ದೆವು.

ಪುಟ್ಟಮಾದಯ್ಯನವರು ಹುಡುಗನ ಅಪ್ಪ ಮಾದಯ್ಯನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ಹಾಕಬಾರದಿತ್ತು.

'ನೀವು ಮೊದಲ್ನೇ ಸಲ ಕೊಟ್ಟ ಕಾಗ್ದದಲ್ಲಿ ಪಟ್ಟಲದಮ್ಮನ ಒಕ್ಕಲು ಅಂತಿತ್ತು' ಎಂದ ಮಾದಯ್ಯ. 'ನಮ್ಮಣ್ಣಂಗೆ ತೋರ್ಸನ ಅಂತ ಮೊನ್ನೆ ಬಂದು ಇನ್ನೊಂದ್ ತಕ್ಕಂಡೋದೆ. ಅದ್ರಲ್ಲಿ ಅಟ್ಟಿಲಕ್ಕಮ್ಮನ ಒಕ್ಕಲು ಅಂತದೆ. ನಾವೂ ಅಟ್ಟಿಲಕ್ಕಮ್ಮನ ಒಕ್ಕಲೇ. ಅಣ್ಣತಂಗೀರ್ಗೆ ಮದ್ವೆ ಮಾಡಕಾಯ್ತದಾ? ಸಂಬಂದ ಕುದುರ್ಲಿ ಅಂತ ಮನೆದೇವ್ರುನ್ನೇ ಮುಚ್ಚಿಟ್ಟೋರು ನಾಳೆ ಇನ್ನೇನ್ ಮುಚ್ಚಿಟ್ಟಾರು? ಬ್ಯಾಡ ಬುಡಿ.'

ಚಲುವಮ್ಮನವರ ಮುಖ ನೋಡಲಾಗಲಿಲ್ಲ. ಅಷ್ಟು ಹೊತ್ತು ನಿಂತೇ ಜಗಳವಾಡುತ್ತಿದ್ದವರು ಮೆಲ್ಲಗೆ ಬೆಂಚಿನ ಮೇಲೆ ಕೂತುಬಿಟ್ಟರು. 'ನಮ್ಮ ದೇವ್ರುನ್ನ ನಾವು ಬದ್ಲಾಯ್ಸುದ್ವಾ?' ಎಂದರು.

ನಾನು ಕಂಪ್ಯೂಟರಿನಲ್ಲಿ ವೀಣಳ ವಿವರ ತೆಗೆದೆ. ಮನೆದೇವರು: ಅಟ್ಟಿಲಕ್ಕಮ್ಮ. ಕೊನೆಯ ಸಲ ತಿದ್ದಿದ್ದು ವೀಣಳೇ, ನಾಲ್ಕನೇ ತಾರೀಖು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಲುವಮ್ಮನವರು ಎದ್ದು ಮೆಟ್ಟಿಲಿಳಿದು ಹೋದರು. ಆ ಹುಡುಗಿಗೆ ಇವತ್ತು ಮನೆಯಲ್ಲಿ ಏನು ಕಾದಿದೆಯೋ.

ಫೆಬ್ರುವರಿ 11, ಮಂಗಳವಾರ

ತಪ್ಪು ವೀಣಳದಲ್ಲ. ನನ್ನದು.

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಸುಮ್ಮನೆ ಅವಳ ಪುಟ ತೆರೆದು ಕೋಡ್ ನೋಡುತ್ತ ಹೋದೆ. ಬರೆದು ತುಂಬುವ ಚೌಕಗಳಲ್ಲಿ ಹಳೆಯ ವಿವರ ಸರಿಯಾಗಿ ಬಂದು ಕೂರುತ್ತಿದೆ. ಆದರೆ ಪಟ್ಟಿಯಿಂದ ಒಂದನ್ನು ಆರಿಸುವ ಕಡೆ ಅಷ್ಟು ಸಾಲದು. ಡೇಟಾಬೇಸಿನಲ್ಲಿರುವ ಹೆಸರು ಯಾವುದೋ ಅದರ ಮುಂದೆ 'ಇದು ಆರಿಸಿದ್ದು' ಎಂದು ಬ್ರೌಸರಿಗೆ ಹೇಳಬೇಕು. ಹೇಳದಿದ್ದರೆ ಅದು ಪಟ್ಟಿಯ ಮೊದಲನೇ ಹೆಸರನ್ನೇ ತೋರಿಸಿಕೊಂಡು ಕೂರುತ್ತದೆ. ಗೋತ್ರದ ಪಟ್ಟಿಯಲ್ಲಿ ಹೇಳಿದ್ದೇನೆ, ವಿದ್ಯಾಭ್ಯಾಸದ ಪಟ್ಟಿಯಲ್ಲಿ ಹೇಳಿದ್ದೇನೆ. ಮನೆದೇವರ ಪಟ್ಟಿಯಲ್ಲಿ ಹೇಳಿಲ್ಲ. ಮನೆದೇವರು ಎಂದರೆ ವರ್ಷಕ್ಕೊಮ್ಮೆ ಹೋಗಿ ಬರುವ ದೇವರು, ಅದೇನು ಅಂಥ ಮುಖ್ಯ ಎಂದು ಆಮೇಲೆ ಮಾಡೋಣ ಅಂತ ಬಿಟ್ಟಿದ್ದೆ. ಬಿಟ್ಟದ್ದು ಮರೆತೂಹೋಯಿತು.

ಅಕ್ಷರದ ಸಾಲಿನಲ್ಲಿ ಮೊದಲು ಬರುವ ದೇವರು ಅಟ್ಟಿಲಕ್ಕಮ್ಮ. ವೀಣ ತನ್ನ ಫೋನ್ ನಂಬರ್ ಬದಲಾಯಿಸಿ ಸೇವ್ ಒತ್ತಿದ್ದಾಳೆ. ಅವಳ ಮನೆಯವರೆಲ್ಲ ಒಂದೇ ಏಟಿಗೆ ಅಟ್ಟಿಲಕ್ಕಮ್ಮನ ಒಕ್ಕಲಾಗಿದ್ದಾರೆ. ಈ ವಾರ ಆ ಪುಟಕ್ಕೆ ಬಂದು ಹೋದವರೆಲ್ಲರದೂ ಅದೇ ಕಥೆ.

ಬುತ್ತಿ ಬಿಚ್ಚಲೇ ಇಲ್ಲ. ನಾಚಿಕೆ ಎಂದರೆ ನಾಚಿಕೆ.

ಫೆಬ್ರುವರಿ 12, ಬುಧವಾರ

ಪುಟ್ಟಮಾದಯ್ಯನವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಹಣೆ ಹಣೆ ಬಡಿದುಕೊಂಡರು.

'ಅಯ್ಯೋ ಅಯ್ನೋರ ಮಗಳೇ! ಗೋತ್ರ ಕಟ್ಕಂಡು ನಮ್ಗೇನಾಗ್ಬೇಕು? ನಮ್ಮೋರು ಮೊದ್ಲು ಕೇಳಾದೇ ಯಾವ ದೇವ್ರ ಒಕ್ಕಲು ಅಂತ. ಒಂದೇ ದೇವ್ರಾದ್ರೆ ಅಣ್ಣತಮ್ಮಂದ್ರು, ಅಲ್ಗೆ ಮುಗೀತು. ನೀನು ಬುಟ್ಟಿದ್ದೂ ಬುಟ್ಟೆ, ಅದ್ನೇ ಬುಟ್ಟೆಯಲ್ಲಮ್ಮ!'

ಆಮೇಲೆ ನೋಡಿದರೆ ಹೌದು, ಗೋತ್ರದ ಜಾಗದಲ್ಲಿ ಮುಕ್ಕಾಲು ಮಂದಿ ಒಂದೇ ಹೆಸರು ಬರೆಸಿದ್ದಾರೆ. ಅದು ಯಾರಿಗೂ ಲೆಕ್ಕಕ್ಕೇ ಇಲ್ಲ. ಎರಡು ವರ್ಷದಿಂದ ಇಲ್ಲಿ ಕೂತು ಇಷ್ಟೂ ತಿಳಿದುಕೊಳ್ಳಲಿಲ್ಲ ನಾನು.

ಕೋಡ್ ಸರಿಮಾಡಿದೆ. ಹಳೆಯ ಅರ್ಜಿಗಳು ಬೀರುವಿನಲ್ಲೇ ಇದ್ದುದರಿಂದ ಉಳಿದವರ ದೇವರುಗಳನ್ನು ಅವರವರಿಗೆ ವಾಪಸು ಕೊಟ್ಟಾಯಿತು, ಪುಣ್ಯಕ್ಕೆ ಆ ಮನೆಗಳ ಪ್ರಿಂಟು ಯಾರೂ ಒಯ್ದಿರಲಿಲ್ಲ. ವೀಣಳದೊಂದೇ ಆಚೆ ಹೋಗಿ ಹಾಳಾದದ್ದು. ಪುಟ್ಟಮಾದಯ್ಯನವರು ಮಾದಯ್ಯನಿಗೆ ಮತ್ತೆ ಫೋನು ಮಾಡಿದರು. ಅವನು ನಕ್ಕನಂತೆ. 'ತಪ್ಪು ಮಾಡಾದು ಮನುಸ್ರು, ಆಕಾದು ಕಂಪ್ಯೂಟ್ರ್ ಮ್ಯಾಲೆ' ಎಂದನಂತೆ. ಶಿವರಾತ್ರಿ ಕಳೆದ ಮೇಲೆ ಯತೀಶ್‌ಗೆ ಬೇರೆ ಹೆಣ್ಣು ನೋಡಲು ಹೋಗುತ್ತಾರಂತೆ.

ಫೆಬ್ರುವರಿ 14, ಶುಕ್ರವಾರ

ವೀಣ ಡ್ಯೂಟಿ ಮುಗಿಸಿ ನೇರ ಆಫೀಸಿಗೆ ಬಂದಳು. ಬೈಯಲು ಬಂದಳೆಂದು ಎದ್ದು ನಿಂತೆ. ಅವಳು ನೀರು ಕೇಳಿದಳು.

'ಅಮ್ಮ ನನ್ನತ್ರ ಮಾತಾಡ್ತಿಲ್ಲ ಕಣಕ್ಕ. ಏನೇನ್ ಒತ್ತುದ್ಯೋ ಯೋಳು, ಏನೇನ್ ಒತ್ತುದ್ಯೋ ಯೋಳು ಅಂತ ಒಂದೇ ಸಮ. ನಂಬರ್ ಒಂದೇ ಕಣಮ್ಮ ಬದ್ಲಾಯ್ಸಿದ್ದು ಅಂದ್ರೆ ನಂಬಕಿಲ್ಲ.'

ತಪ್ಪು ಎಲ್ಲಾಯಿತು ಎಂದು ಬಿಡಿಸಿ ಹೇಳಿದೆ. ನಿನಗೆ ಆ ಹುಡುಗ ಅಷ್ಟು ಇಷ್ಟವಾ ಎಂದೆ. ನನಗೇಕೆ ಬೇಕಿತ್ತು ಆ ಪ್ರಶ್ನೆ, ಗೊತ್ತಿಲ್ಲ.

'ನೋಡಾಕ್ ಬಂದಿದ್ದೋರೆಲ್ಲ ಅಡ್ಗೆ ಬತ್ತದಾ, ಕೆಲ್ಸ ಬುಡ್ತೀಯಾ ಅಂತಿದ್ರು. ಅವ್ರು, ದಿನಾ ಅಷ್ಟ್ ಜನದ್ ರಕ್ತ ತಗೀತೀಯಲ್ಲ, ನಿಂಗೆ ಭಯ ಆಗಕಿಲ್ವಾ ಅಂತ ಕೇಳುದ್ರು. ಮೊದಮೊದ್ಲು ಆಗ್ತಿತ್ತು ಅಂದೆ. ಇಬ್ರೂ ನಕ್ಬುಟ್ವಿ' ಎಂದಳು. ಹೇಳುವಾಗ ಮುಖ ಬೇರೆಯೇ ಆಯಿತು. ಮರುಕ್ಷಣ ಕಣ್ಣಲ್ಲಿ ನೀರು.

ಬಸ್ಸು ಹತ್ತಿಸಿ ಬಂದೆ. ಈ ಮದುವೆ ಆಗಲೇಬೇಕು. ನನ್ನ ಕೈಯಿಂದ ಮುರಿದದ್ದು, ನನ್ನ ಕೈಯಿಂದಲೇ ಕೂಡಬೇಕು.

ಫೆಬ್ರುವರಿ 15, ಶನಿವಾರ

'ಬುಡಮ್ಮ, ಆ ಎಣ್ಗೆ ಬೇರೆ ಗಂಡು ತೋರ್ಸಾನ' ಎಂದರು ಪುಟ್ಟಮಾದಯ್ಯನವರು. ಬಿಡುವುದಿಲ್ಲ ಎಂದೆ. 'ಒಳ್ಳೆ ಉಡ ಕಣಮ್ಮ ನೀನು' ಎಂದರು. ಉಡದ ಹಿಡಿತವಾದರೆ ಉಡದ ಹಿಡಿತ.

ಫೆಬ್ರುವರಿ 18, ಮಂಗಳವಾರ

ವೈದ್ಯನಾಥಪುರಕ್ಕೆ ಹೋಗಿದ್ದೆ. ಚಲುವಮ್ಮನವರು ಹಸುವಿಗೆ ಬೂಸಾ ಕಲಸುತ್ತಿದ್ದರು. ಕೂರು ಎನ್ನಲಿಲ್ಲ. ನಿಂತೇ ಹೇಳಿದೆ: ನಿಮ್ಮ ಮಗಳು ಏನೂ ಮಾಡಿಲ್ಲ, ಬೈಯುವುದಿದ್ದರೆ ನನಗೆ ಬೈಯಿರಿ.

ಬೈದರು. ಚೆನ್ನಾಗಿಯೇ ಬೈದರು. ನನ್ನ ಓದಿಗೆ, ನನ್ನ ಕಂಪ್ಯೂಟರಿಗೆ, ಅದನ್ನು ಕಂಡುಹಿಡಿದವನಿಗೆ, ಒಬ್ಬರನ್ನೂ ಬಿಡಲಿಲ್ಲ. ಕೇಳುತ್ತ ನಿಂತಿದ್ದರೆ ವಿಚಿತ್ರವಾಗಿ ಎದೆ ಹಗುರಾಯಿತು. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತೇ ಆಡಿಲ್ಲ.

ಬೈದು ಮುಗಿದ ಮೇಲೆ ವೀಣಳನ್ನು ಕೂಗಿ, 'ಲೇ, ಇವ್ಳಿಗೆ ಕಾಪಿ ಕೊಡು' ಎಂದರು. ಮಗಳನ್ನು ಕ್ಷಮಿಸಿದ ಹಾಗಾಯಿತು. ಆದರೆ ಸಂಬಂಧದ ಮಾತೆತ್ತಿದ್ದೇ ತಡ ಮತ್ತೆ ಕೆರಳಿದರು.

'ಮಿಷನ್ ತಪ್ಪು ಮಾಡ್ತು, ಸರಿ. ಅವ್ನಿಗೆ ಬಾಯಿರ್ನಿಲ್ವಾ? ನಮ್ಮನೇಲಿ ಉಂಡೋನು. ಇಂಗಂತೆ, ನಿಜವಾ ತಾಯಿ ಅಂತ ಒಂದ್ ಮಾತು ಕೇಳಕಾಗ್ನಿಲ್ವಾ? ಕಾಗ್ದ ನೋಡ್ದ, ಕಳ್ರು ಅಂದ. ಬಂದು ನನ್ನ ಬಾಗ್ಲಲ್ಲಿ ನಿಂತ್ಕಂಡು ಕೇಳ್ಲಿ ಅವ್ನು. ಅಲ್ಲೀಗಂಟ ನನ್ನ ಮಗ್ಳು ಮನೇಲಿರ್ತಾಳೆ.'

ಈಗ ಎರಡೂ ಕಡೆ ಬಾಗಿಲು ಹಾಕಿದೆ. ಅವನು ನಂಬುವುದಿಲ್ಲ, ಇವರು ಬಗ್ಗುವುದಿಲ್ಲ. ಶಿವರಾತ್ರಿಗೆ ಒಂದು ವಾರ ಉಳಿದಿದೆ.

ಫೆಬ್ರುವರಿ 23, ಭಾನುವಾರ

ಬೆಳಕು ಹರಿಯುವಾಗಲೇ ಎದ್ದು ಸ್ನಾನ ಮಾಡಿ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಇವತ್ತೇ ಹೋಗಬೇಕೇನೇ? ಬೇಕಾದರೆ ಮಲಗಿರು, ಯಾರೂ ಎಬ್ಬಿಸಲ್ಲ' ಎಂದಳು. ಭಾನುವಾರ ಬಿಟ್ಟರೆ ನನಗೆ ಬಿಡುವೆಲ್ಲಿದೆ? ಮಳವಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು, ಬಸ್ಸು ಅವುಗಳ ಹಿಂದೆ ತೆವಳಿಕೊಂಡು ಹೋಯಿತು. ಮಳವಳ್ಳಿಯಿಂದ ಆಟೋ.

ಮಾದಯ್ಯ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನಾನು ಯಾರೆಂದು ಹೇಳಿದಾಗ ಹಗ್ಗ ಕೆಳಗಿಡಲಿಲ್ಲ. 'ಯೋಳು' ಎಂದರು. ಹೇಳಿದೆ. 'ಬಾಯಲ್ಲಿ ಯಾರ್ ಬೇಕಾದ್ರೂ ಯೋಳ್ತಾರೆ. ತೋರ್ಸು' ಎಂದರು.

ಅದಕ್ಕೇ ಸಿದ್ಧಳಾಗಿ ಹೋಗಿದ್ದೆ. ಹಳೆಯ, ತಪ್ಪಿದ್ದ ಪುಟವನ್ನೇ ಲ್ಯಾಪ್‌ಟಾಪಿನಲ್ಲಿ ಬೇರೆ ಇಟ್ಟುಕೊಂಡಿದ್ದೆ. ಯತೀಶ್‌ನ ವಿವರ ತೆರೆದು, ಫೋನ್ ನಂಬರ್ ತಿದ್ದಿಸಿ, ಸೇವ್ ಒತ್ತಿಸಿದೆ. ನೋಡಿದರೆ ಮನೆದೇವರು ಅಟ್ಟಿಲಕ್ಕಮ್ಮ! ಹಾಗೇ ಇದೆ!

'ನಮ್ದು ಸರ್ಯಾಗೇ ಬಂತಲ್ಲ?' ಎಂದರು ಮಾದಯ್ಯ.

ಭೂಮಿ ಬಾಯಿಬಿಡಬಾರದೇ ಎನಿಸಿತು. ಅವರ ದೇವರೇ ಪಟ್ಟಿಯಲ್ಲಿ ಮೊದಲನೆಯದು. ಬದಲಾಗುವುದಾದರೂ ಎಲ್ಲಿಂದ? ಅಷ್ಟು ದೂರ ಬಂದವಳು ಇಷ್ಟೂ ಯೋಚಿಸಿರಲಿಲ್ಲ. ಮಾದಯ್ಯ ಮತ್ತೆ ಹಗ್ಗ ಎತ್ತಿಕೊಂಡರು. ಒಳಗಿನಿಂದ ಅವರ ಹೆಂಡತಿ ಬೆಟ್ಟಮ್ಮ ನೀರು ತಂದುಕೊಟ್ಟರು. ನೀರು ಕುಡಿಯುವಾಗ ಹೊಳೆಯಿತು.

'ಅಮ್ಮ, ನಿಮ್ಮ ತವರಿನವರು ಯಾವ ದೇವರ ಒಕ್ಕಲು?'

'ನಾವು ಮಾದಪ್ಪನ ಒಕ್ಕಲು ಕಣವ್ವ, ಯಾಕೆ?'

ಅಲ್ಲೇ ಹೊಸ ವಿವರ ಸೇರಿಸಿದೆ. ಹೆಸರು ಬೆಟ್ಟಮ್ಮ, ಮನೆದೇವರು ಮಹದೇಶ್ವರ. ಇಬ್ಬರಿಗೂ ತೋರಿಸಿದೆ. ಆಮೇಲೆ ಲ್ಯಾಪ್‌ಟಾಪನ್ನು ಮಾದಯ್ಯನವರ ತೊಡೆಯ ಮೇಲಿಟ್ಟು, ಫೋನ್ ನಂಬರ್ ಒಂದನ್ನು ಬಿಟ್ಟು ಬೇರೇನೂ ಮುಟ್ಟಬೇಡಿ ಎಂದೆ. ಒಂದೇ ಬೆರಳಿನಲ್ಲಿ, ಕೊನೆಯ ಅಂಕಿ ಅಳಿಸಿ ಬೇರೆ ಅಂಕಿ ಒತ್ತಿದರು. ಸೇವ್ ಒತ್ತಿದರು. ಬೆಟ್ಟಮ್ಮನ ವಿವರ ಮತ್ತೆ ತೆರೆದು ಗಟ್ಟಿಯಾಗಿ ಓದಿದೆ. ಮನೆದೇವರು: ಅಟ್ಟಿಲಕ್ಕಮ್ಮ.

ಬೆಟ್ಟಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. 'ಅಯ್ಯೋ ನಿನ್ ಮನೆ ಕಾಯೋಗ! ಮೊಮ್ಮಕ್ಳ ಕಾಣೋ ಕಾಲ್ದಲ್ಲಿ ನನ್ನ ನಿಮ್ಗೆ ತಂಗಿ ಮಾಡ್ಬುಡ್ತಲ್ಲಾ ಈ ಮಿಷನ್ನು!'

ನಾನು ತಡೆದುಕೊಳ್ಳಲಾರದೆ ನಕ್ಕೆ. ಬೆಟ್ಟಮ್ಮ ಜಗುಲಿ ಹಿಡಿದುಕೊಂಡು ನಕ್ಕರು. ಮಾದಯ್ಯ ನಗಲಿಲ್ಲ. ಬಹಳ ಹೊತ್ತು ಆ ಪರದೆಯನ್ನೇ ನೋಡುತ್ತಿದ್ದರು.

'ನಾನು ಕೇಳ್ಬೇಕಾಗಿತ್ತು ಕಣವ್ವ' ಎಂದರು ಕೊನೆಗೆ. 'ಅಂತೋರ್ ಮನೆಲಿ ಉಂಡು ಬಂದು ಕಳ್ರು ಅಂದ್ಬುಟ್ಟೆ. ಈಗ ಯಾವ ಮೊಕ ಇಟ್ಕಂಡು ಓಗ್ಲಿ?'

ಇರುವ ಮುಖವನ್ನೇ ಇಟ್ಟುಕೊಂಡು ಬನ್ನಿ, ನಾನೂ ಜೊತೆಗಿರುತ್ತೇನೆ ಎಂದೆ. ಶಿವರಾತ್ರಿಯ ಮಾರನೇ ದಿನ ಬರುತ್ತೇನೆಂದು ಒಪ್ಪಿದರು. ಆಮೇಲೆ ಏನಾಗುತ್ತದೋ, ಚಲುವಮ್ಮನವರ ನಾಲಿಗೆ ನನಗೆ ಗೊತ್ತಿದೆ.

ಮನೆಗೆ ಬರುವಾಗ ಸಂಜೆ. ಅಪ್ಪ ಗೇಟಿನಲ್ಲೇ ನಿಂತಿದ್ದರು. ಊಟಕ್ಕೆ ಕೂತಾಗ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬೆಟ್ಟಮ್ಮನ ಮಾತನ್ನು ಅವರ ಧಾಟಿಯಲ್ಲೇ ಹೇಳಿ ತೋರಿಸಿದೆ. ಅಪ್ಪ ಜೋರಾಗಿ ನಕ್ಕರು. ಅಮ್ಮ ನಗುತ್ತ ನಗುತ್ತ ಯಾಕೋ ಕಣ್ಣೊರೆಸಿಕೊಂಡಳು. ಅಳುವಂಥದ್ದು ಏನಿತ್ತು ಅದರಲ್ಲಿ? ನಿದ್ದೆ ಎಳೆಯುತ್ತಿದೆ, ಸಾಕು.

ಫೆಬ್ರುವರಿ 27, ಗುರುವಾರ

ಮಾದಯ್ಯ ಮಾತು ತಪ್ಪಲಿಲ್ಲ. ಬೆಟ್ಟಮ್ಮನನ್ನೂ ಕರೆದುಕೊಂಡು ಹತ್ತು ಗಂಟೆಯ ಹೊತ್ತಿಗೆ ಬಸ್ಸಿಳಿದರು. ಒಗೆದ ಬಿಳಿ ಶರಟು, ಹೊಸದಾಗಿ ಕ್ಷೌರ ಮಾಡಿಸಿದ ಮುಖ. ಯತೀಶ್ ಬರುತ್ತೇನೆಂದನಂತೆ, 'ಇದು ನನ್ ಕೆಲ್ಸ ಕಣ್ಲಾ, ನೀನು ಡ್ಯೂಟಿಗೋಗು' ಎಂದು ಕಳಿಸಿದರಂತೆ. ಪುಟ್ಟಮಾದಯ್ಯನವರು ಕೇಂದ್ರಕ್ಕೆ ಬೀಗ ಹಾಕಿಕೊಂಡು ನಮ್ಮ ಜೊತೆಗೇ ಹೊರಟರು. ನಾಲ್ಕೂ ಜನ ಒಂದೇ ಆಟೋದಲ್ಲಿ ವೈದ್ಯನಾಥಪುರಕ್ಕೆ ಹೋದೆವು.

ಚಲುವಮ್ಮನವರು ಹೊಸ್ತಿಲ ಒಳಗೆ ನಿಂತಿದ್ದರು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ಪಕ್ಕದ ಮನೆಯವರು ಅವರ ಜಗುಲಿಗೆ ಬಂದು ನಿಂತರು. ವೀಣ ಕಿಟಕಿಯ ಹತ್ತಿರ ಇದ್ದಳು, ಅವಳ ಕೈ ಮಾತ್ರ ಕಾಣುತ್ತಿತ್ತು, ಸರಳನ್ನು ಬಿಗಿಯಾಗಿ ಹಿಡಿದಿತ್ತು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಪುಟ್ಟಮಾದಯ್ಯನವರು ಗಂಟಲು ಸರಿಮಾಡಿಕೊಂಡರು. ಮಾದಯ್ಯ ಕೈ ಅಡ್ಡ ಹಿಡಿದು ತಡೆದರು. ಚಪ್ಪಲಿ ಬಿಟ್ಟು, ಬಾಗಿಲ ಮುಂದೆ ಬಂದು ನಿಂತರು.

'ತಾಯಿ, ನೀವು ಯಾವ ದೇವ್ರ ಒಕ್ಕಲು?'

ಅಷ್ಟೇ ಕೇಳಿದರು. ತಪ್ಪಾಯಿತು ಎನ್ನಲಿಲ್ಲ, ಮಿಷನ್ನು ಎನ್ನಲಿಲ್ಲ. ಮೊದಲನೇ ಸಲ ಹೆಣ್ಣು ಕೇಳಲು ಬಂದವರ ಹಾಗೆ, ನಾಲ್ಕು ಮಂದಿಗೆ ಕೇಳಿಸುವ ಹಾಗೆ ಕೇಳಿದರು.

ಚಲುವಮ್ಮನವರು ಕಾಯಿಸಿದರು. ಕಾಯಿಸುವ ಹಕ್ಕು ಅವರಿಗಿತ್ತು. ಮಾದಯ್ಯ ತಲೆ ತಗ್ಗಿಸದೆ, ಕಣ್ಣು ತಪ್ಪಿಸದೆ ನಿಂತೇ ಇದ್ದರು.

'ಪಟ್ಟಲದಮ್ಮನ ಒಕ್ಕಲು ಕಣಣ್ಣ' ಎಂದರು ಚಲುವಮ್ಮ. 'ನಮ್ಮತ್ತೆ ಕಾಲ್ದಿಂದ್ಲೂವೆ. ನಿಮ್ದು?'

'ಅಟ್ಟಿಲಕ್ಕಮ್ಮ.'

'ಅಂಗಾರೆ ಒಳಿಕ್ ಬನ್ನಿ.'

ಕಿಟಕಿಯ ಸರಳಿನ ಮೇಲಿದ್ದ ಕೈ ಮಾಯವಾಯಿತು. ನಾನು ಅಲ್ಲೇ ಅಂಗಳದಲ್ಲಿ, ಎಲ್ಲರೆದುರಿಗೆ ಅತ್ತುಬಿಟ್ಟೆ. ಪುಟ್ಟಮಾದಯ್ಯನವರು 'ಏ, ಸುಮ್ಕಿರಮ್ಮ' ಎಂದು ಹೇಳುತ್ತ ತಾವೇ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಯುಗಾದಿ ಕಳೆದ ಮೇಲೆ ದಿನ ನೋಡುವುದೆಂದು ಮಾತಾಯಿತು.

ಗಂಡಸರ ಊಟವಾದ ಮೇಲೆ ಚಲುವಮ್ಮನವರು ನನ್ನನ್ನು ಅಡುಗೆಮನೆಯಲ್ಲೇ ಕೂರಿಸಿ ಬಡಿಸಿದರು. ಮುದ್ದೆ, ಉಪ್ಸಾರು. ಎದುರಿಗೆ ಮಣೆ ಹಾಕಿಕೊಂಡು ಕೂತು ನನ್ನನ್ನೇ ನೋಡುತ್ತ ಕೇಳಿದರು: 'ಊರೋರ್ ಮದ್ವೆಗೆಲ್ಲ ಇಂಗ್ ಒದ್ದಾಡ್ತೀಯಲ್ಲ ಮಗ, ನಿಂಗೆ ಮದ್ವೆ ಆಯ್ತಾ?'

ನಮ್ಮ ಬೀದಿಯಲ್ಲಿ ಯಾರೂ ನನ್ನನ್ನು ಇದನ್ನು ಕೇಳಿಲ್ಲ. ಎಲ್ಲರೂ ಅಮ್ಮನನ್ನು ಕೇಳುತ್ತಾರೆ, ಅದೂ ನಾನು ಆಚೆ ಹೋದ ಮೇಲೆ.

'ಗೊತ್ತಾಗಿತ್ತು. ನಿಂತುಹೋಯಿತು' ಎಂದೆ.

'ಯಾಕೆ?'

'ನಿಜವಾಗಿ ಯಾಕೆ ಅಂತ ಗೊತ್ತಿಲ್ಲ. ಅವರು ಬಂದು ಹೇಳಲಿಲ್ಲ. ನಾವು ಹೋಗಿ ಕೇಳಲಿಲ್ಲ.'

ಚಲುವಮ್ಮನವರು ಸೌಟು ಕೆಳಗಿಟ್ಟರು. 'ಓಗಿ ಕೇಳ್ಬೇಕು ಅನ್ನುಸ್ತದಾ? ಅನ್ನುಸುದ್ರೆ ಯೋಳು, ನಾನ್ ಬತ್ತೀನಿ ಜೊತೆಗೆ.'

ಬರುವವರೇ ಅವರು. ಸೆರಗು ಸಿಕ್ಕಿಸಿಕೊಂಡು ಈಗಲೇ ಹೊರಟಾರು. ನಾನು ನಿಜಕ್ಕೂ ಯೋಚಿಸಿ ನೋಡಿದೆ. ಅಭಿನವ್‌ನ ಮನೆಯ ಗೇಟು, ಅವನ ಚಿಕ್ಕಮ್ಮ, ಅವನು ಹೇಳಬಹುದಾದ ಮಾತು. ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ.

'ಇಲ್ಲಮ್ಮ' ಎಂದೆ.

'ಅಂಗಾರೆ ಉಣ್ಣು' ಎಂದು ಇನ್ನೊಂದು ಮುದ್ದೆ ಹಾಕಿದರು. ಬೇಡ ಎನ್ನಲಿಲ್ಲ. ಹಸಿವಾಗಿತ್ತು.